ಎಣಿಕೆಯಕ್ಕ ಕೂತ ದಿನ

ಥರ್ಮಾಮೀಟರು ನೂರೊಂದು ಪಾಯಿಂಟ್ ಆರು ತೋರಿಸಿತು. ಎಣಿಕೆಯಕ್ಕ ಅದನ್ನು ಕೊಡವಿ ಮತ್ತೆ ನಾಲಿಗೆಯಡಿ ಇಟ್ಟುಕೊಂಡಳು. ತಪ್ಪು ಹೇಳಿದವರಿಗೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಕೊಡಬೇಕಲ್ಲ. ಅದು ತಿದ್ದಿಕೊಳ್ಳಲಿಲ್ಲ.

"ಹಾಳಾಗಿದೆ ಇದು," ಎಂದು ಡ್ರಾಯರಿನೊಳಗೆ ಎಸೆದಳು.

"ಅದು ಸರಿಯಾಗೇ ಇದೆ. ಹಾಳಾಗಿರೋದು ಯಾವುದು ಅಂತ ನಾನು ಹೇಳಲ್ಲ," ಅಂದ ಗಂಡ. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೆಳಗಿನ ಐದೂವರೆಗೇ ಕೊರಳಿಗೆ ಟೇಪು ಹಾಕಿಕೊಂಡು ಕೂರುವ ಮನುಷ್ಯ. ಟೇಪಿಲ್ಲದೆ ಅವನನ್ನು ನೋಡಿದರೆ ಅಕ್ಕಪಕ್ಕದವರಿಗೆ ಗುರುತೇ ಹತ್ತುತ್ತಿರಲಿಲ್ಲ. "ನಿನ್ನ ಮೈ ಮೇಲೆ ಅಂಗಿ ಹರಡಿದ್ರೆ ಸಾಕು, ಇವತ್ತು ನನ್ನ ಇಸ್ತ್ರಿ ಪೆಟ್ಟಿಗೆಗೆ ರಜ. ಸುಮ್ನೆ ಮಲಗು."

"ಜ್ವರ ಅಂದ್ರೆ ನೆಂಟರಿದ್ದ ಹಾಗೆ ಕಣ್ರಿ. ಹಾಸಿಗೆ ಹಾಸಿಕೊಟ್ರೆ ಎಂಟು ದಿನ ಅಲ್ಲಾಡಲ್ಲ."

"ಹಾಸದೇ ಹೋದ್ರೆ?"

"ನಿಂತೂ ನಿಂತೂ ಅದಕ್ಕೇ ಬೇಜಾರಾಗಿ ಹೋಗುತ್ತೆ."

ಗಂಡ ಕತ್ತರಿ ಕೆಳಗಿಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಕತ್ತರಿ ಕೆಳಗಿಟ್ಟು ಮಾತಾಡಿದ್ದು ಕಡಿಮೆ. "ಹೋಗು. ನಿನ್ನ ತಡೆಯೋಕೆ ನನ್ನಪ್ಪನ ಕೈಲೂ ಆಗಲ್ಲ. ಆದ್ರೆ ಕವಾಯತು ಮಾಡಬೇಡ. ಎದೆ ಗೊರಗೊರ ಅಂತಿದೆ, ಇಲ್ಲಿಗೆ ಕೇಳ್ತಿದೆ. ಒಂದು ದಿನ ಆ ಡಬ್ಬಾನೇ ಎಣಿಸಲಿ ಬಿಡು."

ಅವನು ಅಷ್ಟರವರೆಗೆ ಆಡಿದ್ದೆಲ್ಲ ಸರಿಯಿತ್ತು. ಡಬ್ಬದ ಹೆಸರು ಎತ್ತಿದ್ದೇ ತಪ್ಪಾಯಿತು. ಅಲ್ಲಿಯತನಕ ಹೋಗಲೋ ಬೇಡವೋ ಎಂದು ಒಳಗೊಳಗೇ ತೂಗುತ್ತಿದ್ದ ಅಕ್ಕ ಅದನ್ನು ಕೇಳಿದ್ದೇ ಎದ್ದು ಚಪ್ಪಲಿ ಮೆಟ್ಟಿದಳು.

ಈ ಡಬ್ಬದ ಕಥೆ ಹೇಳಬೇಕಾದರೆ ಕವಾಯತಿನ ಕಥೆ ಹೇಳಬೇಕು. ಅಕ್ಕ ಕೆಲಸ ಮಾಡುತ್ತಿದ್ದದ್ದು ಔಷಧಿ ಬಾಟಲಿ ಮಾಡುವ ಗಾಜಿನ ಕಾರ್ಖಾನೆಯಲ್ಲಿ, ಪರೀಕ್ಷೆಯ ಹಾಲಿನಲ್ಲಿ. ಬಿಳಿ ದೀಪದ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರಬೇಕು. ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಬರುತ್ತವೆ. ಗಾಜಿನಲ್ಲಿ ಗುಳ್ಳೆ ಇದ್ದರೆ, ಕೂದಲೆಳೆಯಷ್ಟು ಬಿರುಕಿದ್ದರೆ, ಬಾಯಿ ಓರೆಯಾಗಿದ್ದರೆ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಇಷ್ಟೇ ಕೆಲಸ. ಎಂಟು ಗಂಟೆ ಇಷ್ಟೇ ಮಾಡಿ ನೋಡಿ, ಆಗ ತಿಳಿಯುತ್ತದೆ. ಕತ್ತು ಕಂಬವಾಗುತ್ತದೆ, ಭುಜ ಕಲ್ಲಾಗುತ್ತದೆ, ಮನೆಗೆ ಹೋಗಿ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬಾಟಲಿಗಳು ಹಾದುಹೋಗುತ್ತಲೇ ಇರುತ್ತವೆ. ಅದಕ್ಕೇ ಹಿಂದಿನ ಮಾಲೀಕರ ಕಾಲದಲ್ಲಿ ಒಂದು ಪದ್ಧತಿ ಬಂತು. ಬೆಳಿಗ್ಗೆ ಆರು ನಲವತ್ತಕ್ಕೆ, ಬೆಲ್ಟು ಶುರುವಾಗುವ ಮೊದಲು, ಹಾಲಿನ ಅರವತ್ತು ಜನವೂ ನಿಂತು ಇಪ್ಪತ್ತು ನಿಮಿಷ ಕವಾಯತು ಮಾಡಬೇಕು. ಮುಂದೆ ಒಂದು ಮರದ ಪೆಟ್ಟಿಗೆ. ಅದರ ಮೇಲೆ ಒಬ್ಬರು ನಿಂತು ಮಾಡಿ ತೋರಿಸುತ್ತ ಎಂಟರವರೆಗೆ ಎಣಿಸಬೇಕು.

ಮೊದಲು ಎಣಿಸುತ್ತಿದ್ದವನ ಗಂಟಲು ಒಂದು ದಿನ ಕಟ್ಟಿತು. "ನೀನು ಬಾರಮ್ಮ, ನಿನ್ನ ದನಿ ಗೋಡೆ ದಾಟುತ್ತೆ," ಎಂದು ಯಾರೋ ಅಕ್ಕನನ್ನು ಮುಂದಕ್ಕೆ ತಳ್ಳಿದರು. ಹತ್ತಿದವಳು ಹತ್ತೊಂಬತ್ತು ವರ್ಷ ಇಳಿಯಲಿಲ್ಲ. ಅವಳಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು, ಬಾಯಲ್ಲೆಲ್ಲ ಎಣಿಕೆಯಕ್ಕ. ದವಡೆ ಹಲ್ಲು ಕೀವು ತುಂಬಿ ಕೆನ್ನೆ ಚೆಂಡಾದ ದಿನವೂ ಎಣಿಸಿದಳು. ಮಗಳ ಮದುವೆಯ ಮಾರನೆಯ ದಿನವೂ ಎಣಿಸಿದಳು, ಬೀಗರು ಇನ್ನೂ ಮನೆಯಲ್ಲಿ ಕೂತಿರುವಾಗಲೇ. ಎಡಗಾಲು ಉಳುಕಿದಾಗ ಒಂಟಿಕಾಲಲ್ಲಿ ಎಣಿಸಿದಳು, ಆ ವಾರವಿಡೀ ಹಾಲಿನವರೆಲ್ಲ ಒಂಟಿಕಾಲಲ್ಲೇ ಕವಾಯತು ಮಾಡಿದರು.

ಹೌದು, ಅವರು ಅಂಥವರು. ದಿನವಿಡೀ ಒಂದೇ ಬಗೆಯ ಬಾಟಲಿ ನೋಡುವ ಜನ ಬೆಳಗಿನ ಆ ಹೊತ್ತಿನಲ್ಲಿ ತಲೆ ಓಡಿಸುತ್ತಿರಲಿಲ್ಲ, ಕಿವಿಯನ್ನು ಅಕ್ಕನಿಗೆ ಒಪ್ಪಿಸಿ ನಿಂತುಬಿಡುತ್ತಿದ್ದರು. ಒಮ್ಮೆ 'ಐದು' ಆದ ಮೇಲೆ ಅವಳಿಗೆ ಸೀನು ಬಂತು. ಒಂದಲ್ಲ, ಏಳು ಸೀನು. 'ಆರು' ಬರುವವರೆಗೆ ಅರವತ್ತು ಜನ ಎರಡೂ ಕೈ ಮೇಲೆತ್ತಿಕೊಂಡು ಹಾಗೇ ನಿಂತಿದ್ದರು. ಪೊಲೀಸರು ಬಂದೂಕು ಹಿಡಿದು ಬಂದಿದ್ದರೂ ಅಷ್ಟು ಶಿಸ್ತಾಗಿ ಕೈ ಎತ್ತುತ್ತಿದ್ದರೋ ಇಲ್ಲವೋ. ಅಕ್ಕನಿಗೆ ಅದು ಹೆಮ್ಮೆ. ಹೆಮ್ಮೆ ಅನ್ನುವುದು ಬೆಲ್ಲದ ಹಾಗೆ, ಎಲ್ಲಿಟ್ಟರೂ ಇರುವೆ ಹುಡುಕಿಕೊಂಡು ಬರುತ್ತದೆ.

ಇರುವೆ ನಾಲ್ಕು ವರ್ಷದ ಹಿಂದೆ ಬಂದಿತ್ತು. ಆಗ ಮೀಸೆಯಣ್ಣ ಮೂರನೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ಬಾಟಲಿ ತುಂಬಿದ ಪೆಟ್ಟಿಗೆಗಳನ್ನು ಎತ್ತಿ ಗಾಡಿಗೆ ಹಾಕುವ ಕೆಲಸ ಅವನದು. ಆಳು ಆರಡಿ, ಮೀಸೆ ಬೇರೆ ಅಳತೆ. ಒಂದು ಬೆಳಿಗ್ಗೆ ಅವನು ಅಕ್ಕ ನಿಂತಿದ್ದ ಪೆಟ್ಟಿಗೆಯ ಹತ್ತಿರ ಬಂದು, "ಯಾಕೋ ಮೈ ಸರಿ ಇಲ್ಲಮ್ಮ, ಜ್ವರ. ಇವತ್ತು ಬಿಟ್ಟುಬಿಡ್ಲಾ?" ಎಂದು ಮೆಲ್ಲಗೆ ಕೇಳಿದ. ಅವಳು ಮೆಲ್ಲಗೆ ಉತ್ತರ ಕೊಡಬಹುದಾಗಿತ್ತು. ಗೋಡೆ ದಾಟುವ ದನಿಯಲ್ಲಿ, "ಮೀಸೆ ಇದ್ರೆ ಸಾಲದು ಮೀಸೆಯಣ್ಣ, ಮೈಯಲ್ಲಿ ಕಸುವೂ ಇರಬೇಕು!" ಅಂದಳು. ಹಾಲಿಗೆ ಹಾಲೇ ನಕ್ಕಿತು. ಮೀಸೆಯಣ್ಣನೂ ನಕ್ಕು ಸಾಲಿಗೆ ಹೋದ. ಜ್ವರ ಬೆವರಿನಲ್ಲಿ ಹರಿದುಹೋಗುತ್ತದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಆ ದಿನ ನೆಗೆತವನ್ನು ಎರಡು ಸುತ್ತು ಹೆಚ್ಚೇ ಮಾಡಿಸಿದಳು.

ಅವನು ಮಧ್ಯಾಹ್ನ ಬಿದ್ದ. ಸೋಂಕು ಹೃದಯದ ಸ್ನಾಯುವಿಗೆ ಇಳಿದಿತ್ತು, ಅದರ ಮೇಲೆ ಮೈ ದಣಿಸಿದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು ಎಂದರು ಡಾಕ್ಟರು. ಎರಡು ತಿಂಗಳು ಆಸ್ಪತ್ರೆ. ಬದುಕಿದ, ಆದರೆ ಪೆಟ್ಟಿಗೆ ಎತ್ತುವ ಮೀಸೆಯಣ್ಣ ಅಲ್ಲಿಗೆ ಮುಗಿದ. ಈಗ ಗೇಟಿನಲ್ಲಿ ಕುರ್ಚಿಯ ಮೇಲೆ ಕೂತು ಹೋಗಿಬರುವವರ ರಿಜಿಸ್ಟರು ನೋಡಿಕೊಳ್ಳುತ್ತಾನೆ. ಗೇಟಿನಿಂದ ಹಾಲಿಗೆ ಹೋಗುವ ಒಂಬತ್ತು ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುತ್ತಾನೆ. ನಾಲ್ಕು ವರ್ಷದಿಂದ ಅಕ್ಕ ದಿನಾ ಅವನ ಮುಂದೆ ಹಾದುಹೋಗುತ್ತಿದ್ದಳು. ಊಟ ಆಯ್ತಾ, ಮೊಮ್ಮಗು ಹೇಗಿದೆ, ಬಿಸಿಲು ಜಾಸ್ತಿ, ಎಲ್ಲ ಮಾತೂ ಆಡುತ್ತಿದ್ದಳು. ಆ ಒಂದು ಮಾತು ಮಾತ್ರ ಗಂಟಲಿನಲ್ಲೇ ಉಳಿದುಬಿಟ್ಟಿತ್ತು. ಹಾಲಿನಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ, ನಕ್ಕವರು ಅವರೂ ತಾನೇ.

ಇನ್ನು ಡಬ್ಬ. ಹೊಸ ಮ್ಯಾನೇಜರು ಬಂದು ಆರು ತಿಂಗಳು. ಕಂಡಲ್ಲಿ ಬೋರ್ಡು ಹಾಕುವ ಚಟ ಇದ್ದುದರಿಂದ ಅವನಿಗೆ ಬೋರ್ಡು ಸಾಹೇಬ ಎಂದು ಹೆಸರು ಬಿದ್ದಿತ್ತು. ನಲ್ಲಿಯ ಮೇಲೆ 'ಇದು ನಲ್ಲಿ' ಎಂದು ಬರೆಸುವುದೊಂದು ಬಾಕಿ. ಹಾಲಿನ ಬಾಗಿಲಲ್ಲಿ ದೊಡ್ಡ ಬೋರ್ಡು ನಿಲ್ಲಿಸಿ, ದಿನಾ ಕವಾಯತಿಗೆ ಶೇಕಡಾ ಎಷ್ಟು ಜನ ಎಂದು ಬರೆಸತೊಡಗಿದ. ನೂರಕ್ಕೆ ನೂರು ಬರಬೇಕು. ಕವಾಯತು ಮಾಡದವರು ಆ ದಿನ ಬೆಲ್ಟಿಗೆ ಕೂರುವಂತಿಲ್ಲ, ಗೇಟಿನಿಂದ ವಾಪಸು. ಮೂರು ಸಲ ಹಾಗಾದರೆ ದೀಪದ ಮುಂದಿನ ಕುರ್ಚಿ ಹೋಯಿತು, ಗಾಜಿನ ಚೂರು ತೊಳೆಯುವ ಶೆಡ್ಡಿಗೆ ವರ್ಗ. ಜನರ ಕತ್ತು ನೋಯದಿರಲಿ ಎಂದು ಹುಟ್ಟಿದ ಪದ್ಧತಿ ಜನರ ಕತ್ತಿಗೇ ಬಂತು. ಇದರ ಜೊತೆಗೆ ಯಾರದೋ ದನಿಯಲ್ಲಿ ಎಣಿಕೆ ತುಂಬಿದ ಒಂದು ಕರಿ ಸ್ಪೀಕರ್ ಡಬ್ಬ ತಂದು ಪೆಟ್ಟಿಗೆಯ ಪಕ್ಕ ಇರಿಸಿ, "ಒಂದು ದಿನ ನೀವು ಬರದೇ ಇದ್ರೂ ಚಿಂತೆ ಇಲ್ಲ ಬಿಡಿ," ಎಂದಿದ್ದ. ಅವನು ಸಮಾಧಾನಕ್ಕೆಂದು ಹೇಳಿದ್ದೇ ಇರಬಹುದು. ಅಕ್ಕನಿಗೆ ಅದು ಕೆನ್ನೆಗೆ ಬಾರಿಸಿದಂತಿತ್ತು. ಬರದ ದಿನ ಎಂಬುದೊಂದು ಇರಕೂಡದು, ಅಷ್ಟೇ.

ಆ ವಾರ ಹಾಲಿನಲ್ಲಿ ಜ್ವರ ಹಬ್ಬಿತ್ತು. ಯಾರೂ ಜ್ವರ ಎಂದು ಬಾಯಿಬಿಡುತ್ತಿರಲಿಲ್ಲ. ಕವಾಯತು ಮುಗಿಸಿ, ಆಮೇಲೆ ತಡೆಯಲಾರದೆ ಮನೆಗೆ ಹೋದವರೂ ಗೇಟಿನ ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿನಲ್ಲಿ 'ಮನೆ ಕೆಲಸ' ಎಂದೇ ಬರೆಯುತ್ತಿದ್ದರು. ಅಷ್ಟೊಂದು ಮನೆ ಕೆಲಸ ಊರಿನ ಇತಿಹಾಸದಲ್ಲೇ ನಡೆದಿರಲಿಲ್ಲ.

ಬಸ್ಸಿಳಿದು ಗೇಟಿಗೆ ಬರುವಷ್ಟರಲ್ಲಿ ಅಕ್ಕನ ಕಾಲು ಬೇರೆ ಯಾರದೋ ಕಾಲಿನಂತಾಗಿತ್ತು. ಮೀಸೆಯಣ್ಣ ಕುರ್ಚಿಯಿಂದಲೇ ನೋಡಿದ.

"ಜ್ವರಾನಾ?"

"ಇಲ್ಲ. ನೆಗಡಿ."

"ನನ್ನ ಹತ್ರ ಹೇಳ್ತೀಯಾ?" ಅಂದ ಅವನು. "ನೋಡಮ್ಮ, ನನ್ನ ಡಾಕ್ಟರು ಒಂದು ಲೆಕ್ಕ ಹೇಳಿಕೊಟ್ಟಿದ್ದಾರೆ. ತೊಂದರೆ ಕುತ್ತಿಗೆಯಿಂದ ಮೇಲಿದ್ರೆ, ಮೂಗು ಸೋರ್ತಿದೆ, ಸೀನು ಬರ್ತಿದೆ, ಅಷ್ಟೇ ಆದ್ರೆ, ನಿಧಾನಕ್ಕೆ ಕೈಕಾಲು ಆಡಿಸು. ಕುತ್ತಿಗೆ ಕೆಳಗೆ ಇಳೀತು, ಎದೆ, ಹೊಟ್ಟೆ, ಮೈಕೈ ನೋವು, ಬಿಟ್ಟುಬಿಡು. ಜ್ವರ ಇತ್ತೋ, ಮಾತೇ ಇಲ್ಲ. ಹಾಸಿಗೆ."

"ನನಗೇನೂ ಆಗಲ್ಲ. ನನ್ನ ಮೈ ನನಗೆ ಗೊತ್ತು."

"ನನ್ನ ಮೈಯೂ ನನಗೆ ಗೊತ್ತಿತ್ತು," ಅಂದ ಮೀಸೆಯಣ್ಣ. ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಅದಕ್ಕೇ ಅದು ಇನ್ನೂ ಆಳಕ್ಕೆ ಹೋಯಿತು. "ನಿನ್ನ ವಿಷಯ ಬಿಡು, ನೀನು ಹಟಮಾರಿ. ಪಿಸುಮಾತು ಈಗಷ್ಟೇ ಒಳಗೆ ಹೋದ್ಲು. ಮೆಟ್ಟಿಲಲ್ಲಿ ಎರಡು ಕಡೆ ನಿಂತ್ಲು, ಥೇಟು ನನ್ನ ಹಾಗೆ. ಮನೆಗೆ ಹೋಗಮ್ಮ ಅಂದೆ. ಏನಂದ್ಲು ಗೊತ್ತಾ? ಅಕ್ಕನೂ ನಿನ್ನೆ ನಡುಗ್ತಾ ಕೂತಿದ್ರು, ಅಕ್ಕ ಬಂದು ಮಾಡ್ತಾರೆ, ನಾನು ಯಾವ ಲೆಕ್ಕ ಅಂದ್ಲು."

ಪಿಸುಮಾತು ಎಂದರೆ ಅಕ್ಕನ ಪಕ್ಕದ ಕುರ್ಚಿಯವಳು. ಎಷ್ಟು ಮೆಲ್ಲಗೆ ಮಾತಾಡುತ್ತಾಳೆಂದರೆ ಬೆಲ್ಟು ನಿಂತಾಗ ಮಾತ್ರ ಅವಳಿಗೆ ಬಾಯಿ ಇರುವುದು ತಿಳಿಯುತ್ತದೆ. ಎಂಟು ತಿಂಗಳ ಕೂಸಿನ ತಾಯಿ. ಹಿಂದಿನ ತಿಂಗಳು ಕೂಸಿಗೆ ಹುಷಾರಿಲ್ಲವೆಂದು ಎರಡು ಸಲ ಕವಾಯತು ತಪ್ಪಿ ವಾಪಸು ಹೋಗಿದ್ದಳು. ಮೂರನೆಯದು ಇವತ್ತಾದರೆ ಕುರ್ಚಿ ಹೋಗುತ್ತದೆ.

ಅಕ್ಕ ಮೆಟ್ಟಿಲು ಹತ್ತಿದಳು. ನಡುವೆ ನಿಲ್ಲಬೇಕೆನಿಸಿತು; ಮೀಸೆಯಣ್ಣ ಹಿಂದಿನಿಂದ ನೋಡುತ್ತಿದ್ದಾನೆಂದು ಹಲ್ಲು ಕಚ್ಚಿ ಹತ್ತಿದಳು.

ಹಾಲಿನಲ್ಲಿ ಜನ ಸಾಲು ನಿಂತಿದ್ದರು. ಬೋರ್ಡು ಸಾಹೇಬ ಬಾಗಿಲ ಬಳಿ ಸೀಮೆಸುಣ್ಣ ಹಿಡಿದು ಸಿದ್ಧನಾಗಿದ್ದ. ಅಕ್ಕ ಡಬ್ಬದ ಕಡೆ ಕಣ್ಣೂ ಹಾಯಿಸದೆ ಪೆಟ್ಟಿಗೆ ಹತ್ತಿದಳು. "ಒಂದು!" ಎಂದಾಗ ದನಿ ಎಂದಿನಂತೆಯೇ ಗೋಡೆ ದಾಟಿತು. ಕತ್ತು ಆಯಿತು, ಭುಜ ಆಯಿತು, ಸೊಂಟ ಆಯಿತು. ಸೊಂಟದ ನಾಲ್ಕನೆಯ ಸುತ್ತಿಗೆ ಎದೆಯೊಳಗೆ ಯಾರೋ ಬಾಗಿಲು ಬಡಿಯತೊಡಗಿದರು. ಬೆನ್ನ ಮೇಲೆ ತಣ್ಣನೆ ಬೆವರು ಇಳಿಯಿತು. ಬಡಿದುಕೋ ಹೋಗು, ನಾನು ತೆಗೆಯುವವಳಲ್ಲ, ಎಂದುಕೊಂಡಳು. ಡಬ್ಬ ಗೆಲ್ಲಬಾರದು. ಇನ್ನು ನೆಗೆತ ಒಂದೇ ಬಾಕಿ.

ನೆಗೆತಕ್ಕೆ ಮೊದಲು ಅವಳು ಯಾವಾಗಲೂ ಸಾಲುಗಳನ್ನು ಒಮ್ಮೆ ನೋಡುತ್ತಿದ್ದಳು. ನೋಡಿದಳು. ಎರಡನೆಯ ಸಾಲಿನ ತುದಿಯಲ್ಲಿ ಪಿಸುಮಾತು ನಿಂತಿದ್ದಳು. ತುಟಿ ಬೂದಿ ಬಣ್ಣ. ಕಣ್ಣು ಮಾತ್ರ ಅಕ್ಕನ ಮೇಲೆಯೇ ನೆಟ್ಟಿತ್ತು, ಅಕ್ಕ ನೆಗೆದರೆ ತಾನೂ ನೆಗೆಯುತ್ತೇನೆ ಎಂಬಂತೆ. ಅಕ್ಕ ಏನು ಹೇಳಿದರೂ ಇವಳು ಮಾಡುತ್ತಾಳೆ. ಅಕ್ಕನಿಗೆ ಆಗ ಹೆದರಿಕೆಯಾಯಿತು. ತನ್ನ ಎದೆಯ ಬಗ್ಗೆ ಅಲ್ಲ. ಈ ಅರವತ್ತು ಜನರನ್ನು ತಾನು ಎಂಥವರನ್ನಾಗಿ ಮಾಡಿಟ್ಟಿದ್ದೇನೆ ಎಂದು ಹೆದರಿಕೆಯಾಯಿತು. ಹತ್ತೊಂಬತ್ತು ವರ್ಷ ಯಾವುದನ್ನು ಹೆಮ್ಮೆ ಎಂದುಕೊಂಡಿದ್ದಳೋ ಅದು ಬೂದಿ ಬಣ್ಣದ ತುಟಿ ಹೊತ್ತು ಎದುರಿಗೆ ನಿಂತಿತ್ತು.

"ನನಗೆ ಜ್ವರ," ಅಂದಳು ಅಕ್ಕ.

ಎಂಟರೊಳಗಿನ ಅಂಕಿಯಲ್ಲದ ಬೇರೆ ಮಾತು ಆ ಪೆಟ್ಟಿಗೆಯ ಮೇಲಿಂದ ಬಂದದ್ದೇ ಅಪರೂಪ.

"ನೂರೊಂದು ಪಾಯಿಂಟ್ ಆರು. ಎರಡು ಸಲ ನೋಡಿದೀನಿ. ಎದೇಲಿ ಕಫ. ನಾನು ನೆಗೆಯಲ್ಲ." ಪೆಟ್ಟಿಗೆಯಿಂದ ಇಳಿದು ಅದರ ಅಂಚಿನ ಮೇಲೆಯೇ ಕೂತಳು. "ಜ್ವರ ಇರೋರು ಯಾರೂ ನೆಗೆಯಬೇಡಿ. ಕೂತ್ಕೊಳ್ಳಿ."

ಒಬ್ಬರೂ ಕೂರಲಿಲ್ಲ. ಕೂರುವುದು ಹೇಗೆಂದು ಮರೆತವರ ಹಾಗೆ ಮುಖ ಮುಖ ನೋಡಿಕೊಂಡರು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಹೊಳೆಯಿತು: ಇವರಿಗೆ ಮಾತು ತಿಳಿಯುವುದಿಲ್ಲ, ಎಣಿಕೆ ಮಾತ್ರ ತಿಳಿಯುತ್ತದೆ. ಕಲಿಸಿದವಳು ತಾನೇ.

"ಒಂದು!" ಎಂದು ಕೂಗಿದಳು. "ಮಂಡಿ ಬಗ್ಗಿಸಿ! ಎರಡು, ಕೈ ನೆಲಕ್ಕೆ! ಮೂರು, ಕೂತ್ಕೊಳ್ಳಿ!"

ಅರವತ್ತು ಜನವೂ ಕೂತರು. ಜ್ವರ ಇದ್ದವರು, ಇಲ್ಲದವರು, ಹುಟ್ಟಿದಾಗಿನಿಂದ ಒಂದು ಸೀನೂ ಬಾರದ ಎಣ್ಣೆ ಹಾಕುವ ಮೆಕ್ಯಾನಿಕ್ಕು, ಎಲ್ಲರೂ. ಮೂರೇ ಎಣಿಕೆಯಲ್ಲಿ ಹಾಲು ನೆಲಕ್ಕಿಳಿಯಿತು. ನಿಂತಿದ್ದವನು ಬೋರ್ಡು ಸಾಹೇಬ ಒಬ್ಬನೇ.

"ಏನಿದು? ಏಳಿ, ಏಳಿ!" ಎಂದು ಅವನು ಓಡಿಬಂದ. "ನಿಮಗೆ ಆಗದಿದ್ರೆ ಮನೆಗೆ ಹೋಗಿ. ನಾಳೆಯಿಂದ ಪೆಟ್ಟಿಗೆ ಹತ್ತಬೇಡಿ, ಅದಕ್ಕೆ ಬೇರೆ ವ್ಯವಸ್ಥೆ ಇದೆ." ಡಬ್ಬದ ಗುಂಡಿ ಒತ್ತಿದ. ತುರ್ ಎಂದು ಒಂದಿಷ್ಟು ಸಂಗೀತ ಬಂದು, ಯಾವನೋ ಉತ್ಸಾಹಿಯ ದನಿ "ಒಂದೂ... ಎರಡೂ... ನಗುನಗುತಾ ಮಾಡಿ..." ಎಂದು ಶುರುಮಾಡಿತು. ಯಾರೂ ಏಳಲಿಲ್ಲ. ನಗಲೂ ಇಲ್ಲ. ಡಬ್ಬ ತನ್ನ ಪಾಡಿಗೆ ಎಂಟರವರೆಗೆ ಹೋಗಿ, ಮತ್ತೆ ಒಂದರಿಂದ ಹಿಡಿದು, ಖಾಲಿ ಗಾಳಿಗೆ ಕವಾಯತು ಮಾಡಿಸಿತು.

ಆ ದನಿಯ ಮೇಲೆ ಅಕ್ಕ ತನ್ನ ದನಿ ಎತ್ತಿದಳು. ಜ್ವರದಲ್ಲೂ ಅದು ಡಬ್ಬಕ್ಕಿಂತ ಒಂದು ಮೊಳ ಮೇಲಿತ್ತು. "ನಾಲ್ಕು ವರ್ಷದ ಹಿಂದೆ ಮೀಸೆಯಣ್ಣ ಜ್ವರ ಅಂತ ಬಂದ. ನಾನು ತಮಾಷೆ ಮಾಡಿದೆ. ಅವನು ನಾಚಿಕೆಗೆ ನೆಗೆದ. ಈಗ ಅವನು ಮೆಟ್ಟಿಲು ಹತ್ತೋದು ದಿನಾ ನೋಡ್ತೀರಲ್ಲ? ಅದು ನಾನು ಮಾಡಿದ ಕೆಲಸ. ಸಾಹೇಬ್ರೆ, ಪೆಟ್ಟಿಗೆ ನೀವೇ ಇಟ್ಕೊಳ್ಳಿ, ಡಬ್ಬ ಬೇಕಾದ್ರೆ ಅದರ ಮೇಲೆ ಕೂರಿಸಿ. ಆದ್ರೆ ಇವತ್ತು ಜ್ವರ ಇರೋರು ಮನೆಗೆ ಹೋಗ್ತಾರೆ. ಬಂದ ಬಾಗಿಲಲ್ಲೇ ಹೋಗ್ತಾರೆ, ಕದ್ದು ಅಲ್ಲ. ಯಾರ ಕುರ್ಚಿ ತೆಗೆಯೋದಾದ್ರೂ ಮೊದಲು ನನ್ನದು ತೆಗೀರಿ. ಗಾಜು ತೊಳೆಯೋಕೂ ಬರುತ್ತೆ ನನಗೆ."

"ನೂರಕ್ಕೆ ನೂರು ಇತ್ತು ಈ ತಿಂಗಳು," ಅಂದ ಬೋರ್ಡು ಸಾಹೇಬ. ಪಾಪ, ಅವನಿಗೆ ಅಳು ಬರುವ ಹಾಗಿತ್ತು.

"ಮುಚ್ಚಿಟ್ಟದ್ದು ನೂರಕ್ಕೆ ನೂರು. ಬೇಕಾದ್ರೆ ಹಾಗಂತ ಬರೆಸಿ."

ಅಕ್ಕ ಎದ್ದು ಎರಡನೆಯ ಸಾಲಿಗೆ ಹೋದಳು. ಪಿಸುಮಾತಿನ ಹಣೆ ಮುಟ್ಟಿದಳು. ಅದು ಅವಳ ಕೈಗಿಂತಲೂ ಬಿಸಿಯಿತ್ತು. "ಏಳೇ," ಅಂದಳು.

"ಅಕ್ಕ, ಇದು ಮೂರನೇ ಸಲ ಆಗುತ್ತೆ," ಎಂದು ಅವಳು ಪಿಸುಗುಟ್ಟಿದಳು.

"ಆಗಲಿ. ಶೆಡ್ಡಲ್ಲಿ ಇಬ್ಬರೂ ಅಕ್ಕಪಕ್ಕ ಕೂರೋಣ. ಅಲ್ಲಿ ಬೆಲ್ಟಿನ ಸದ್ದಿಲ್ಲ, ನೀನು ಏನು ಮಾತಾಡ್ತೀಯ ಅಂತ ಈಗಲಾದ್ರೂ ಕೇಳ್ತೀನಿ."

ಇಬ್ಬರೂ ಬಾಗಿಲ ಕಡೆ ನಡೆದರು. ಹಿಂದೆ ಒಂದು ಕುರ್ಚಿ ಸರಿದ ಸದ್ದು, ಯಾರೋ ಚಪ್ಪಲಿ ಎಳೆದ ಸದ್ದು ಕೇಳಿಸಿತು. ಅಕ್ಕ ತಿರುಗಿ ನೋಡಲಿಲ್ಲ. ಮೆಟ್ಟಿಲಲ್ಲಿ ಈ ಸಲ ಎರಡು ಕಡೆ ನಿಂತಳು, ಯಾರು ನೋಡಿದರೂ ನೋಡಲಿ ಎಂದು.

ಮೀಸೆಯಣ್ಣ ರಿಜಿಸ್ಟರು ತೆರೆದು ಕೂತಿದ್ದ. ಡಬ್ಬದ ದನಿ ಅಲ್ಲಿಗೂ ಕೇಳುತ್ತಿತ್ತು. ಅಕ್ಕನ ದನಿಯೂ ಕೇಳಿರಲೇಬೇಕು, ಅದು ಗೋಡೆ ದಾಟುವ ದನಿ.

"ಕೇಳಿಸ್ತಾ?" ಅಂದಳು.

"ಕೇಳಿಸ್ತು."

"ತಪ್ಪಾಯ್ತು ಮೀಸೆಯಣ್ಣ."

ಅವನು ಪುಟದ ಮೇಲೆ ಒಂದು ಗೆರೆ ಎಳೆದ. "ನೀನು ಹೇಳಿದೆ ಅಂತ ನಾನು ಮಾಡಿರಲಿಲ್ಲ," ಅಂದ. "ಎಲ್ಲರೂ ನಕ್ಕರಲ್ಲ, ಅದಕ್ಕೆ ಮಾಡಿದೆ."

"ನಗಿಸಿದವಳು ನಾನು."

"ಹೌದು," ಅಂದ ಮೀಸೆಯಣ್ಣ. "ನೀನೇ."

ಬೇಡ ಬಿಡು, ಆದದ್ದಾಯಿತು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ನಂಬುತ್ತಲೂ ಇರಲಿಲ್ಲ. ಕಣ್ಣು ಉರಿಯಿತು. ಜ್ವರಕ್ಕೆ ಉರಿಯಿತು ಎಂದು ಯಾರಿಗೂ ಸುಳ್ಳು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ, ಸೆರಗಿನಿಂದ ಒರೆಸಿಕೊಂಡಳು.

ಮೀಸೆಯಣ್ಣ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟ. "ಬೇಗ ಬರಿ. ಹಿಂದೆ ಜನ ನಿಂತಿದ್ದಾರೆ."

ಅವಳು ತಿರುಗಿ ನೋಡಿದಳು. ಪಿಸುಮಾತಿನ ಹಿಂದೆ ಮೆಟ್ಟಿಲ ಮೇಲೆ ಏಳು ಜನ ನಿಂತಿದ್ದರು, ಕೆಮ್ಮುತ್ತ, ಶಾಲು ಹೊದ್ದು, ಗೋಡೆಗೆ ಒರಗಿ. ಮೇಲೆ ಬಾಗಿಲಲ್ಲಿ ಬೋರ್ಡು ಸಾಹೇಬ ಸೀಮೆಸುಣ್ಣ ಹಿಡಿದು ನೋಡುತ್ತಿದ್ದ. ಕಾರಣದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಮನೆ ಕೆಲಸ, ಮನೆ ಕೆಲಸ, ಮನೆ ಕೆಲಸ. ಅಕ್ಕ ಅದರ ಕೆಳಗೆ ಎರಡು ಸಾಲು ಹಿಡಿಯುವಷ್ಟು ದಪ್ಪ ಅಕ್ಷರದಲ್ಲಿ 'ಜ್ವರ' ಎಂದು ಬರೆದು, ಪೆನ್ನನ್ನು ಪಿಸುಮಾತಿನ ಕೈಗೆ ಕೊಟ್ಟಳು.